ಮನ್ನಣೆಯ ಕೋಣೆ

ಸನ್ಮಾನ ಮುಗಿಸಿಕೊಂಡು ಮೈಸೂರಿನಿಂದ ಬಂದ ಮರುದಿನ ಬೆಳಿಗ್ಗೆ ನೀಲಾಂಬಿಕೆ ಹಾಲನ್ನು ಮೂಸಿಯೂ ನೋಡದೆ ಒಲೆಯ ಮೇಲಿಟ್ಟಳು. ಏನೋ ಎಡವಟ್ಟಾಗಿದೆ ಎಂದು ಪಂಪಾಪತಿಗೆ ಮೊದಲ ಸಲ ಅನ್ನಿಸಿದ್ದು ಆಗ.

ಹಾಲಿನವನ ಮೇಲೆ ಅವಳಿಗೆ ಸಿಟ್ಟೇನೂ ಇರಲಿಲ್ಲ. ನೋಡದೆ ಒಪ್ಪಿಕೊಳ್ಳುವುದೆಂಬುದು ಅವಳ ಜಾಯಮಾನದಲ್ಲೇ ಇಲ್ಲದ ಸಂಗತಿ. ತರಕಾರಿಯವಳ ತಕ್ಕಡಿ, ಪಂಚಾಂಗದ ಮಳೆ, ಡಾಕ್ಟರು ಬರೆದ ಮಾತ್ರೆ, ಕಟ್ಟಿಕೊಂಡ ಗಂಡನ ಮಾತು, ಎಲ್ಲಕ್ಕೂ ಅವಳದು ಒಂದೇ ಪ್ರಶ್ನೆ: “ಹೌದೇನು? ಹೆಂಗ ಗೊತ್ತು?” ಜಲಾಶಯದ ಮೀನುಗಳ ಸಂತಾನದ ಮೇಲೆ ಆಯುಷ್ಯವಿಡೀ ಸಂಶೋಧನೆ ಮಾಡಿದ ಡಾಕ್ಟರ್ ನೀಲಾಂಬಿಕೆಯನ್ನು ಹೊಸಪೇಟೆಯ ಜನ ಬೆನ್ನ ಹಿಂದೆ ‘ಅನುಮಾನದಮ್ಮ’ ಎಂದೇ ಕರೆಯುತ್ತಿದ್ದರು. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದ ಪಂಪಾಪತಿ ಇದಕ್ಕೆ ತದ್ವಿರುದ್ಧ. ಯಾರು ಏನು ಹೇಳಿದರೂ ನಂಬಿಬಿಡುವವನು. “ಮನಿಯೊಳಗ ಒಬ್ಬರು ಅನುಮಾನಪಟ್ರ ಸಾಕಲ್ರೀ, ನನ್ನ ಪಾಲಿಂದೂ ಆಕೀನೇ ಪಡ್ತಾಳ” ಎಂದು ಸ್ಟಾಫ್ ರೂಮಿನಲ್ಲಿ ನಗಾಡುತ್ತಿದ್ದ.

“ಹಾಲು ನೋಡ್ಲಿಲ್ಲಲ್ಲ ನೀಲಾ?”

“ಚಲೋ ಇರ್ತದ ಬಿಡ್ರಿ” ಎಂದಳು ಅವಳು, ನಕ್ಕು.

ಆ ನಗು ಸುಳ್ಳು ನಗುವಾಗಿರಲಿಲ್ಲ. ಅದೇ ಅವನನ್ನು ಇನ್ನೂ ಕಾಡಿತು. ಮುಖ ಬರೆಯುವುದನ್ನು ಮಕ್ಕಳಿಗೆ ಕಲಿಸಿದವನು ಅವನು. ಹುಬ್ಬುಗಳ ನಡುವೆ ಸದಾ ಇರುತ್ತಿದ್ದ ಎರಡು ಗೀರು ಅವಳ ಹಣೆಯಿಂದ ಮಾಯವಾಗಿದ್ದವು. ಹೊಟ್ಟೆ ತುಂಬಾ ಉಂಡು, ಕೈತೊಳೆದುಕೊಂಡು ಕೂತವರ ಮುಖ ಅದು.

ಜೀವವಿಜ್ಞಾನ ಸಾಧಕರ ಪೀಠ ಎಂಬ ಸಂಸ್ಥೆ ಹುಟ್ಟಿ ಬಹಳ ವರ್ಷವಾಗಿರಲಿಲ್ಲ. ಸಸ್ಯ, ಪ್ರಾಣಿ, ಸೂಕ್ಷ್ಮಜೀವಿಗಳ ಅಧ್ಯಯನದಲ್ಲಿ ಕೂದಲು ಹಣ್ಣಾದವರನ್ನು ಹುಡುಕಿ ಹುಡುಕಿ ಗೌರವಿಸುವುದು ಅದರ ಕೆಲಸ. ಶಾಲು ಹೊದಿಸಿ, ಹಾರ ಹಾಕಿ, ಫೋಟೋ ಹಿಡಿದು ಬಸ್ ಹತ್ತಿಸುವ ಸನ್ಮಾನವಲ್ಲ ಅದು. ಸಾಧಕರು ಪೀಠದ ಅತಿಥಿಗೃಹದಲ್ಲಿ ಕೆಲವು ದಿನ ಇರಬೇಕು. ‘ಮನ್ನಣೆಯ ಕೋಣೆ’ ಎಂದು ಅವರು ಕರೆಯುವ ತಂಪು ಕೋಣೆಯಲ್ಲಿ ಕೂತು ತಮ್ಮ ಬದುಕಿನ ಕೆಲಸವನ್ನೆಲ್ಲ ಮೊದಲಿನಿಂದ ಹೇಳಬೇಕು. ಅದಕ್ಕೂ ಮುಂಚೆ ಪೀಠದವರು ಮನೆಗೇ ಬಂದಿದ್ದರು. ಪಂಪಾಪತಿಯನ್ನು ಮೈಕಿನ ಮುಂದೆ ಕೂರಿಸಿ ಮಧ್ಯಾಹ್ನವೆಲ್ಲ ಹೆಂಡತಿಯ ಬಗ್ಗೆ ಮಾತಾಡಿಸಿದ್ದರು. ಅವನು ಹಿಗ್ಗಿ ಹೀರೇಕಾಯಿಯಾಗಿ ಹೇಳಿದ್ದೇ ಹೇಳಿದ್ದು. “ಏನು ಹೇಳಿದ್ರಿ ಅವರಿಗೆ?” ಎಂದು ನೀಲಾಂಬಿಕೆ ಆಮೇಲೆ ಕೇಳಿದ್ದಳು. “ನೀನು ಮಾಡಿದ್ದೆಲ್ಲ ಭಾರೀ ಅಂತ ಹೇಳ್ದೆ.” “ಯಾವುದು ಭಾರೀ? ನಿಮಗೇನು ತಿಳೀತದ ಅದರಾಗ?” ಎಂದು ರೇಗಿ ಒಳಗೆ ಹೋಗಿದ್ದಳು.

ಅಂಥವಳು ಈಗ ಅಂಗಳದ ದಾಸವಾಳ ನೋಡುತ್ತ ಕೂತಿದ್ದಳು.

ವಾರ ಕಳೆಯುವಷ್ಟರಲ್ಲಿ ಹುಲಿಗೆಮ್ಮ ಬಂದಳು. ಜಲಾಶಯದಲ್ಲಿ ಬಲೆ ಹಾಕಿ ಬದುಕುವ ಕುಟುಂಬದವಳು, ನೀಲಾಂಬಿಕೆಗೆ ಎಷ್ಟೋ ವರ್ಷಗಳಿಂದ ಮೀನಿನ ಮಾದರಿ ತಂದುಕೊಡುತ್ತಿದ್ದವಳು. ಬುಟ್ಟಿಯನ್ನು ಗೇಟಿನ ಹೊರಗೇ ಇಳಿಸಿದಳು. ಲಿಂಗಾಯತರ ಮನೆಯೊಳಗೆ ಮೀನು ತರಬಾರದೆಂದು ಅವಳೇ ಹಾಕಿಕೊಂಡ ಕಟ್ಟಳೆ.

“ಅಮ್ಮಾರ, ಈ ಸಲಾನೂ ಹಂಗ ಆಗೈತ್ರೀ. ಹೊಟ್ಟಿ ಸೀಳಿದ್ರ ಒಂದರಾಗೂ ತತ್ತಿ ಇಲ್ಲ. ಬರೇ ಗಂಡು. ಹೆಣ್ಣs ಇಲ್ದ ಮುಂದಿನ ವರ್ಷ ನಾವೇನು ಹಿಡೀಬೇಕ್ರೀ?”

ನೀಲಾಂಬಿಕೆ ಹೋರಾಡುತ್ತಿದ್ದದ್ದೇ ಇದಕ್ಕೆ. ಜಲಾಶಯದಲ್ಲಿ ಪಂಜರ ಕಟ್ಟಿ ಮೀನು ಸಾಕುವ ಕಂಪನಿಯೊಂದು ‘ಜಲಪುಷ್ಟಿ’ ಎಂಬ ಹೊಸ ಆಹಾರ ಹಾಕುತ್ತಿತ್ತು. ವಂಶವಾಹಿ ತಿದ್ದಿದ ಪಾಚಿಯಿಂದ ಮಾಡಿದ್ದು. ಅದರೊಳಗಿನ ಯಾವುದೋ ಅಂಶ ಮರಿಗಳನ್ನೆಲ್ಲ ಗಂಡಾಗಿಸುತ್ತದೆ ಎಂಬುದು ಅವಳ ವಾದ. ಗಂಡು ಬೇಗ ದಪ್ಪವಾಗುತ್ತದೆ, ಆದ್ದರಿಂದ ಸಾಕುವವರಿಗೆ ಖುಷಿ. ಆದರೆ ಪಂಜರದಿಂದ ಸೋರಿದ ಆಹಾರವನ್ನು ಹೊರಗಿನ ಮೀನೂ ತಿಂದರೆ ಹೆಣ್ಣಿನ ಸಂತತಿಯೇ ಅಡಗಿ, ಜಲಾಶಯ ಬರಿದಾಗುತ್ತದೆ. ಈ ಆಹಾರವನ್ನು ರಾಜ್ಯದ ಎಲ್ಲ ಜಲಾಶಯಗಳಿಗೂ ಬಿಡಬೇಕೋ ಬೇಡವೋ ಎಂದು ತೀರ್ಮಾನಿಸಲು ಬರುವ ತಿಂಗಳು ಸರಕಾರದ ಸಮಿತಿ ಊರಿಗೇ ಬರುವುದಿತ್ತು. ಅದರ ಮುಂದೆ ವಾದ ಹೂಡಲು ಇದ್ದವಳು ನೀಲಾಂಬಿಕೆ ಒಬ್ಬಳೇ.

ಅವಳು ಬುಟ್ಟಿಯೊಳಗೆ ಇಣುಕಿದಳು. “ಗಂಡಾದರೇನು, ಮೈತುಂಬ ಅದಾವಲ್ಲ. ಮಾರು ಹೋಗು ಹುಲಿಗೆಮ್ಮ. ಎಲ್ಲಾ ಸರಿ ಹೋಗ್ತದ.”

ಹುಲಿಗೆಮ್ಮ ಪಂಪಾಪತಿಯ ಕಡೆ ನೋಡಿದಳು. ಅವಳು ಬುಟ್ಟಿ ಎತ್ತಿಕೊಂಡವಳು ಅವನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದಳು, “ಮಾಸ್ತರ, ಅಮ್ಮಾರಿಗೆ ಅಲ್ಲಿ ಏನರ ಕುಡಿಸ್ಯಾರೇನ್ರೀ?”

ಈ ಪ್ರಶ್ನೆ ಅವನಿಗೂ ಬಂದಿತ್ತು. ಬಾಯಿಬಿಟ್ಟು ಕೇಳಿರಲಿಲ್ಲ, ಅಷ್ಟೆ.

ಅನುಮಾನಪಡುವುದು ಹೇಗೆಂದು ಅವನಿಗೆ ಗೊತ್ತಿರಲಿಲ್ಲ. ಹೆಂಡತಿ ಮಾಡುತ್ತಿದ್ದುದನ್ನು ನೆನಪು ಮಾಡಿಕೊಂಡ. ಒಂದನ್ನೇ ನೋಡಿ ಏನೂ ಹೇಳಲು ಬರುವುದಿಲ್ಲ, ಪಕ್ಕದಲ್ಲಿಟ್ಟು ಹೋಲಿಸಲು ಇನ್ನೊಂದು ಬೇಕು ಎನ್ನುತ್ತಿದ್ದಳು ಅವಳು. ಹಾಗಾದರೆ ಪೀಠದ ಸನ್ಮಾನ ಪಡೆದ ಬೇರೆಯವರನ್ನು ನೋಡಬೇಕು. ಹಿಂದಿನ ವರ್ಷ ಧಾರವಾಡದ ಇಬ್ಬರಿಗೆ ಆಗಿತ್ತು. ‘ಚಿತ್ರಕಲಾ ಪರಿಷತ್ತಿನ ಕೆಲಸ’ ಎಂದು ಮನೆಯಲ್ಲಿ ಸುಳ್ಳು ಹೇಳಿ ಬಸ್ ಹತ್ತಿದ. ಮೊದಲಾಗಿದ್ದರೆ ಅವಳು ಬಾಗಿಲಲ್ಲೇ ಹಿಡಿದು ನಿಲ್ಲಿಸಿ ಯಾವ ಪರಿಷತ್ತು, ಯಾರು ಕರೆದರು ಎಂದು ವಿಚಾರಣೆ ಮಾಡುತ್ತಿದ್ದಳು. ಈಗ “ಹೋಗಿ ಬರ್ರಿ” ಎಂದಳು. ಅವನಿಗೆ ಅಳು ಬಂದ ಹಾಗಾಯಿತು.

ಗೋಧಿಯ ತುಕ್ಕುರೋಗದ ಮೇಲೆ ಕೆಲಸ ಮಾಡಿದ ಶ್ರೀಪಾದ ಕಟ್ಟಿಯವರು ತೂಗುಮಂಚದ ಮೇಲೆ ಕೂತಿದ್ದರು. ರೋಗ ಈಚೆಗೆ ಹೊಸ ರೂಪದಲ್ಲಿ ಬಂದು ಹೊಲಗಳನ್ನು ಮತ್ತೆ ತಿನ್ನುತ್ತಿದೆಯಲ್ಲ ಎಂದು ಪಂಪಾಪತಿ ಕೇಳಿದರೆ, “ಬರ್ತದ, ಹೋಗ್ತದ. ನಾ ಮಾಡೂದೆಲ್ಲಾ ಮಾಡೇನಿ” ಎಂದು ಚಹಾ ಕೊಟ್ಟರು. ಅವರ ಸೊಸೆ ಬಾಗಿಲ ತನಕ ಬಂದು, “ಮಾವನವರು ಎಷ್ಟು ಶಾಂತ ಆಗ್ಯಾರ ನೋಡ್ರಿ, ಮನಿಗೆ ಈಗ ಸುಖ ಬಂದದ” ಎಂದಳು. ಅವಳ ಮಾತು ಸುಳ್ಳೆಂದು ಪಂಪಾಪತಿಗೆ ಅನ್ನಿಸಲಿಲ್ಲ.

ಪ್ರೊಫೆಸರ್ ಫಕ್ರುದ್ದೀನ್ ಮುಲ್ಲಾ ಅವರದು ಬೇರೆಯೇ ಕಥೆ. ಮಣ್ಣಿನ ಶಿಲೀಂಧ್ರಗಳ ಮೇಲೆ ದುಡಿದವರು. ಪಂಪಾಪತಿ ಮೆಟ್ಟಿಲು ಹತ್ತುವಾಗಲೇ ಅವರು ಫೋನಿನಲ್ಲಿ ಯಾರನ್ನೋ ತರಾಟೆಗೆ ತೆಗೆದುಕೊಳ್ಳುತ್ತಿದ್ದುದು ಕೇಳಿಸಿತು.

“ಸನ್ಮಾನ? ಶಾಲು ಹೊಚ್ಚಿದ್ರು, ಊಟ ಹಾಕಿದ್ರು. ಅಷ್ಟs. ಅವರ ಕೋಣೀಯೊಳಗ ನನ್ನ ಬಿಡಲಿಲ್ಲ ನೋಡ್ರಿ ಮಾಸ್ತರ.”

“ಯಾಕ್ರೀ ಸರ್?”

ಮುಲ್ಲಾ ಅವರು ಅಂಗಿಯ ಮೇಲಿಂದಲೇ ಎದೆ ತಟ್ಟಿಕೊಂಡರು. “ಇಲ್ಲಿ ಪೇಸ್‌ಮೇಕರ್ ಇಟ್ಟಾರ. ಕೋಣೀಯೊಳಗ ದೊಡ್ಡ ಅಯಸ್ಕಾಂತ ಅದಂತ. ಯಂತ್ರ ಕೆಟ್ಟು ನೀವು ಅಲ್ಲೇ ಹೊಂಟು ಹೋದೀರಿ, ನಮಗ ಕೆಟ್ಟ ಹೆಸರು ಅಂದ್ರು. ಕಥೀ ಹೇಳಾಕ ಕೂಡ್ಸೂ ಕೋಣೀಯೊಳಗ ಅಯಸ್ಕಾಂತ ಯಾಕ ಬೇಕು, ಹೇಳ್ರಿ ನೋಡೋಣ?”

ಪಂಪಾಪತಿಗೆ ಹೋಲಿಸಲು ಬೇಕಾದ ಇನ್ನೊಂದು ಸಿಕ್ಕಿತ್ತು. ಸನ್ಮಾನ ಇಬ್ಬರಿಗೂ ಆಗಿತ್ತು, ಕೋಣೆ ಮಾತ್ರ ಒಬ್ಬರಿಗೆ.

ಅಲ್ಲಿಂದ ಮನೆಗೆ ಹೋಗದೆ ನೇರವಾಗಿ ಮೈಸೂರಿಗೆ ಹೋದ.

ಪೀಠದ ನಿರ್ದೇಶಕಿ ಡಾಕ್ಟರ್ ದೇಚಮ್ಮ ಎತ್ತರದ, ನೇರ ನಡಿಗೆಯ ಕೊಡಗಿನ ಹೆಂಗಸು. ಮಿದುಳಿನ ಅಧ್ಯಯನ ಅವರ ಕ್ಷೇತ್ರ. ಇವನು ಕೂಗಾಡಲೆಂದೇ ಹೋಗಿದ್ದ. ಅವರು ಅದಕ್ಕೆ ಅವಕಾಶವನ್ನೇ ಕೊಡಲಿಲ್ಲ. “ಬನ್ನಿ, ಮುಚ್ಚಿಡೋದು ಏನೂ ಇಲ್ಲ” ಎಂದು ಕೋಣೆಯ ಪಕ್ಕದ ನಿಯಂತ್ರಣ ಕೊಠಡಿಗೆ ಕರೆದುಕೊಂಡು ಹೋದರು. ಗಾಜಿನಾಚೆ ಒಬ್ಬ ವೃದ್ಧರು ತಲೆಗೆ ದೊಡ್ಡ ಬಟ್ಟಲಿನಂಥದ್ದನ್ನು ಕವುಚಿಕೊಂಡು ಕಣ್ಣು ಮುಚ್ಚಿ ಕೂತಿದ್ದರು. ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. ಮುಂದಿನ ಪರದೆಗಳಲ್ಲಿ ಬಣ್ಣದ ಗೆರೆಗಳು ಏರುತ್ತಿದ್ದವು.

“ಜೇನುನೊಣದ ರೋಗಗಳ ಮೇಲೆ ಕೆಲಸ ಮಾಡಿದವರು” ಎಂದರು ದೇಚಮ್ಮ. “ತೀರಿಹೋದ ಅವರ ಗುರುಗಳು ಈಗ ಅವರ ಹತ್ತಿರ ಮಾತಾಡ್ತಾ ಇದ್ದಾರೆ. ಹಳೆಯ ಧ್ವನಿಮುದ್ರಣದಿಂದ ನಾವೇ ಕಟ್ಟಿದ ದನಿ. ‘ನೀನು ಹೇಳಿದ್ದೇ ಸರಿಯಪ್ಪ, ನಾನೇ ತಪ್ಪು ತಿಳ್ಕೊಂಡಿದ್ದೆ’ ಅಂತಿದ್ದಾರೆ. ಆ ಒಂದು ಮಾತಿಗೆ ಈ ಮನುಷ್ಯ ಬದುಕಿಡೀ ಕಾದಿದ್ದರು.”

“ಅಯಸ್ಕಾಂತ?”

“ಹಸಿವಿಗೆ ಮಿದುಳಿನಲ್ಲಿ ಒಂದು ಜಾಗ ಇರುವ ಹಾಗೆ ಮನ್ನಣೆಯ ಹಸಿವಿಗೂ ಒಂದು ಜಾಗ ಇದೆ. ಮೆಚ್ಚುಗೆ ಕೇಳಿದಾಗ ಅದು ತಣಿಯುತ್ತೆ, ಸ್ವಲ್ಪ ಹೊತ್ತಿಗೆ ಮತ್ತೆ ಹಸಿಯುತ್ತೆ. ಆ ತಣಿವು ಜಾರಿಹೋಗದ ಹಾಗೆ ಅಯಸ್ಕಾಂತದ ಮಿಡಿತ ಕೊಟ್ಟು ಹಿಡಿದು ನಿಲ್ಲಿಸ್ತೀವಿ. ಔಷಧಿ ಇಲ್ಲ, ಚುಚ್ಚುಮದ್ದಿಲ್ಲ.” ಅವರು ಗಾಜಿನ ಕಡೆ ತಿರುಗಿದರು. “ನನಗೆ ಪಾಠ ಹೇಳಿದವರು ಎಷ್ಟು ಜನ ಕಹಿ ಉಂಡು ಸತ್ತರು ಗೊತ್ತಾ ನಿಮಗೆ? ತಮ್ಮ ಕೆಲಸಕ್ಕೆ ಬೇರೆಯವರು ಹಾರ ಹಾಕಿಸಿಕೊಂಡದ್ದನ್ನು ನೋಡಿ ನೋಡಿ ಸತ್ತರು. ನಾನು ಇವರಿಗೆ ಹೊಟ್ಟೆ ತುಂಬಾ ಬಡಿಸ್ತಾ ಇದ್ದೀನಿ. ತಪ್ಪೇನು?”

ಪಂಪಾಪತಿ ದೇಚಮ್ಮನವರ ಮುಖವನ್ನೇ ನೋಡಿದ. ಅವರ ಕಣ್ಣಲ್ಲಿ ಮೋಸ ಕಾಣಲಿಲ್ಲ. ಹಳೆಯ ಪಂಪಾಪತಿಯಾಗಿದ್ದರೆ ಕೈಮುಗಿದು ಎದ್ದು ಬರುತ್ತಿದ್ದ.

“ನಮ್ಮ ನೀಲಾಗ ಯಾರ ದನಿ ಕೇಳಿಸಿದ್ರಿ? ಆಕೀ ಗುರುಗಳದಾ?”

ದೇಚಮ್ಮ ಪರದೆಯ ಕಡೆ ಕೈ ತೋರಿಸಿದರು. “ಯಾರ ಮೆಚ್ಚುಗೆಗೆ ಆ ಜಾಗ ಹೆಚ್ಚು ಮಿಡಿಯುತ್ತೆ ಅಂತ ಯಂತ್ರ ತಾನೇ ಹುಡುಕುತ್ತೆ. ಗುರುಗಳ ಹೆಸರಿಗೆ ಏನೂ ಆಗಲಿಲ್ಲ. ಮಿಡಿದದ್ದು ನಿಮ್ಮ ದನಿಗೆ. ‘ನಿನ್ನ ಕೆಲಸ ಪೂರ್ತಿ ಓದಿದೆ ನೀಲಾ, ಎಲ್ಲಾ ಅರ್ಥ ಆಯ್ತು, ನೀನು ಹೇಳಿದ್ದು ಖರೆ’ ಅಂತ ನಿಮ್ಮ ದನಿಯಲ್ಲಿ ಹೇಳಿಸಿದೆವು. ತುಂಬಾ ಅತ್ತರು.”

ಇಷ್ಟು ವರ್ಷ ಅವನು ಅವಳನ್ನು ಬಾಯಿ ತುಂಬ ಹೊಗಳಿದ್ದ. ಒಂದು ಪುಟವನ್ನೂ ಓದಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಅದು ಎಂದು ಒಂದು ಯಂತ್ರ ಹುಡುಕಿ ಹೇಳಬೇಕಾಯಿತು.

ಅವನಿಗೆ ಒಳಗೆ ಬರುವಾಗ ಹಜಾರದ ಗೋಡೆಯಲ್ಲಿ ಕಂಡ ದಾನಿಗಳ ಫಲಕ ನೆನಪಾಯಿತು. “ಮೇಡಮ್, ನಿಮ್ಮ ದಾನಿಗಳೊಳಗ ಜಲಪುಷ್ಟಿ ಮಾಡೂ ಕಂಪನಿ ಹೆಸರದ. ಯಾರಿಗೆ ಸನ್ಮಾನ ಮಾಡ್ಬೇಕಂತ ಆರಿಸೋರು ಯಾರು?”

“ದಾನಿಗಳ ಮಂಡಳಿ. ನನ್ನ ಕೆಲಸ ಕೋಣೆ ನೋಡಿಕೊಳ್ಳೋದು.”

“ತುಕ್ಕುರೋಗ ಮತ್ತ ಬಂದಾಗ ಕಟ್ಟಿ ಅವರು ಸುಮ್ಮನಾದ್ರು. ಸಮಿತಿ ಬರೂ ಮುಂದ ನಮ್ಮಾಕಿ ಸುಮ್ಮನಾದ್ಲು. ಈ ಜೇನಿನವರು ಯಾರ ಮ್ಯಾಲ ಜಗಳ ತಗದಿದ್ರು, ಕೇಳಿರೇನು?”

ದೇಚಮ್ಮ ಗಾಜಿನಾಚೆ ನೋಡಿದರು. ಆಮೇಲೆ ಪರದೆಯ ಮೇಲಿನ ಗೆರೆಯೊಂದನ್ನು ಕೈಯಾರೆ ತಗ್ಗಿಸಿದರು. ಆಚೆ ಕೂತ ವೃದ್ಧರು ಬೆಚ್ಚಿ ಕಣ್ಣು ತೆರೆದರು.

“ಕೇಳಿರಲಿಲ್ಲ” ಎಂದರು. ಇವನನ್ನು ಬಾಗಿಲ ತನಕ ಕಳಿಸಲು ಬಂದಾಗ ಇನ್ನೊಂದು ಮಾತು ಸೇರಿಸಿದರು. “ಯಾವ ದನಿ ತಣಿಸಿತೋ ಅದೇ ದನಿ ಮಾತನ್ನ ವಾಪಸ್ ತಗೊಂಡರೆ ಹಸಿವು ತಿರುಗಿ ಬರುತ್ತೆ. ಬೇರೆ ಯಾರು ಏನಂದರೂ ಬರಲ್ಲ. ಆದರೆ ಯೋಚನೆ ಮಾಡಿ. ಆಕೆ ಈಗ ಸುಖವಾಗಿದ್ದಾರೆ.”

ಊರಿಗೆ ಬಂದವನು ಹೆಂಡತಿಗೆ ಒಂದೂ ಬಿಡದೆ ಎಲ್ಲ ಹೇಳಿದ. ಅವಳನ್ನು ಕೇಳದೆ ಅವಳ ಮನಸ್ಸಿಗೆ ಕೈಹಾಕಿದರೆ ತಾನೂ ಆ ಮಂಡಳಿಯವರ ಸಾಲಿಗೇ ಸೇರುತ್ತೇನೆ ಎಂಬ ಹೆದರಿಕೆ ಅವನದು. ಅವಳು ಗಮನವಿಟ್ಟು ಕೇಳಿದಳು.

“ಮುಲ್ಲಾ ಸರ್ ಅವರನ್ನ ಹೋಲಿಸಿ ನೋಡಿದ್ದು ಚಲೋ ಮಾಡಿದ್ರಿ” ಎಂದಳು, ಮೆಚ್ಚುಗೆಯಿಂದ.

“ಸಿಟ್ಟು ಬರೋದಿಲ್ಲೇನು ನಿನಗ?”

“ಯಾರ ಮ್ಯಾಲ?”

“ಮೊದಲಿನ ನೀಲಾ ಇದ್ದಿದ್ರ ಏನು ಮಾಡ್ತಿದ್ಲು?”

“ಆಕೀ?” ಅವಳು ಯಾರೋ ಗೆಳತಿಯನ್ನು ನೆನೆದವಳಂತೆ ನಕ್ಕಳು. “ಊರು ಒಂದು ಮಾಡಿ ಇಡ್ತಿದ್ಲು. ಪಾಪ, ಆಕೀಗೆ ಒಂದು ದಿನಾನೂ ನೆಮ್ಮದಿ ಇರ್ಲಿಲ್ಲ.”

“ಆಕೀ ವಾಪಸ್ ಬರ್ಲೇನು?”

“ನಿಮಗ ಆಕೀನೇ ಬೇಕಿದ್ರ ಕರೀರಿ” ಎಂದು ಎದ್ದು ಅಡುಗೆಮನೆಗೆ ಹೋದಳು.

ಅದನ್ನು ಒಪ್ಪಿಗೆ ಎನ್ನಬೇಕೋ ಬೇಡವೋ ಅವನಿಗೆ ತಿಳಿಯಲಿಲ್ಲ. ಸುಮ್ಮನೆ ‘ನೀನು ತಪ್ಪು’ ಎಂದರೆ ಅದು ನಾಟಕ. ಜಗತ್ತಿನ ಎಲ್ಲ ಸುಳ್ಳನ್ನು ವಾಸನೆಯಲ್ಲೇ ಹಿಡಿದವಳು ಅದನ್ನೂ ಹಿಡಿಯುತ್ತಾಳೆ. ಅವನು ಅವಳ ಪ್ರಬಂಧಗಳನ್ನು ಓದಲು ಕೂತ. ತಲೆಬುಡ ಹತ್ತಲಿಲ್ಲ. ಮುಲ್ಲಾ ಅವರಿಗೆ ದಿನವೂ ಫೋನು ಮಾಡಿ ಒಂದೊಂದೇ ಪದ ಕೇಳಿಕೊಂಡ. ಮಾತು ತಿಳಿಯದಿದ್ದಲ್ಲಿ ಚಿತ್ರ ನೋಡಿದ. ಗಂಡು ಮೀನುಗಳ ಪ್ರಮಾಣ ಏರುವ ಗೆರೆಯನ್ನು ಅವಳು ಬೇಸಿಗೆಯ ತಿಂಗಳುಗಳಿಗೆ ಬರೆದಿದ್ದಳು. ಅದರ ಬಾಗು ಎಲ್ಲೋ ನೋಡಿದಂತಿತ್ತು. ಹುಡುಕಿದರೆ ಇನ್ನೊಂದು ಪುಟದಲ್ಲಿ ನೀರಿನ ಬಿಸಿಯ ಗೆರೆ, ಅದೇ ಬಾಗು.

ತಿಂಡಿಗೆ ಕೂತಾಗ ಅವನು ಬಾಯಿ ತೆರೆದ.

“ಆ ಕೋಣೆಯೊಳಗ ಮಾತಾಡಿದ್ದು ನಾನಲ್ಲ ನೀಲಾ. ನಾನು ಇಷ್ಟು ದಿನ ಏನೂ ಓದಿರ್ಲಿಲ್ಲ. ಈಗ ಓದೀನಿ. ನೀ ಹೇಳಿದ್ದು ಖರೆ ಅಂತ ನನಗ ಅನ್ನಿಸ್ವಲ್ದು.”

ಅವಳ ಕೈ ತಟ್ಟೆಯ ಮೇಲೇ ನಿಂತಿತು.

“ನೀರು ಬಿಸಿ ಆದ್ರೂ ಮೀನಿನ ಮರಿ ಗಂಡಾಗ್ತಾವಂತ ಮುಲ್ಲಾ ಸರ್ ಹೇಳಿದ್ರು. ನಿನ್ನ ಎರಡೂ ಗೆರಿ ಒಂದs ಥರ ಏರ್ತಾವ. ಆಹಾರದಿಂದ ಅಂತ ಹೆಂಗ ಹೇಳ್ತಿ? ಬಿಸಿಲಿಂದ ಯಾಕಾಗಿರಬಾರದು? ಹೆಂಗ ಗೊತ್ತು ನಿನಗ?”

ಮೊದಲು ಅವಳ ಕಣ್ಣು ತುಂಬಿದವು. ಗಂಡನಿಂದ ಕೆನ್ನೆಗೆ ಏಟು ತಿಂದವಳ ಮುಖ ಹೇಗಿರುತ್ತದೋ ಹಾಗಿತ್ತು ಮುಖ. ಎದ್ದು ಹೋಗಿ ಅವಳನ್ನು ಹಿಡಿದುಕೊಂಡು ‘ಸುಮ್ಮನಂದೆ’ ಎನ್ನಬೇಕೆಂದು ಅವನ ಜೀವ ಹೊಡೆದುಕೊಂಡಿತು. ಕೂತಲ್ಲೇ ಕೂತ. ನಿಧಾನವಾಗಿ ಅವಳ ಹುಬ್ಬುಗಳ ನಡುವೆ ಗೀರು ಮೂಡಿತು. ಒಂದು. ಆಮೇಲೆ ಇನ್ನೊಂದು.

“ಯಾವ ಪುಟ?” ಎಂದಳು. “ತೋರ್ಸಿರಿ.”

ಅಂದಿನಿಂದ ಮನೆಗೆ ನೆಮ್ಮದಿ ಇಲ್ಲ. ನೀಲಾಂಬಿಕೆ ಸನ್ಮಾನದ ನಂತರ ಮುಚ್ಚಿಯೇ ಇದ್ದ ತನ್ನ ಪ್ರಯೋಗಾಲಯದ ಬೀಗ ತೆಗೆಸಿದಳು. ಪಾಚಿ ಕಟ್ಟಿದ ತೊಟ್ಟಿಗಳನ್ನು ತಾನೇ ಉಜ್ಜಿದಳು. ಪಂಜರಗಳಿಂದ ದೂರವಿದ್ದ, ಆದರೆ ಅಷ್ಟೇ ಬಿಸಿಯಾಗುವ ಹಿನ್ನೀರಿನ ಮಡುಗಳಿಗೆ ಹುಲಿಗೆಮ್ಮನ ತೆಪ್ಪದಲ್ಲಿ ಹೋಗಿ ಬಲೆ ಹಾಕಿಸಿದಳು. ಅಲ್ಲಿನ ಮೀನುಗಳ ಹೊಟ್ಟೆಯಲ್ಲಿ ತತ್ತಿ ಇತ್ತು, ಪಂಜರದ ಸುತ್ತಲಿನವುಗಳಲ್ಲಿ ಇರಲಿಲ್ಲ. ಬಿಸಿಯ ಪಾಲೂ ಸ್ವಲ್ಪ ಇತ್ತೆಂದು ಅವಳು ಒಪ್ಪಿಕೊಂಡಳು. ತನ್ನ ಹಳೆಯ ಗೆರೆಯನ್ನು ತಿದ್ದಿದಳು. ತಿದ್ದುವಾಗ ಸಿಟ್ಟಿನಲ್ಲಿ ಪೆನ್ಸಿಲ್ ಮುರಿದಳು.

ಸಮಿತಿಯ ಸಭೆಯಲ್ಲಿ ಕಂಪನಿಯ ಕಡೆಯವರು ಇಟ್ಟ ಮೊದಲ ಪ್ರಶ್ನೆಯೇ ಬಿಸಿಲಿನದು. ಅವಳನ್ನು ಅಲ್ಲೇ ಕೆಡವಬಹುದೆಂದು ಅವರು ಬಂದಿದ್ದರು. ನೀಲಾಂಬಿಕೆ ಹಿನ್ನೀರಿನ ಮೀನುಗಳ ಚಿತ್ರ ಮುಂದಿಟ್ಟಳು. ಹಿಂದಿನ ಸಾಲಿನಲ್ಲಿ ಕೂತಿದ್ದ ಹುಲಿಗೆಮ್ಮ ಎದ್ದು ನಿಂತು, “ತೆಪ್ಪ ನಂದs ರೀ!” ಎಂದು ಕೂಗಿದಳು. ಜಲಪುಷ್ಟಿಯನ್ನು ಬೇರೆ ಜಲಾಶಯಗಳಿಗೆ ಬಿಡುವುದನ್ನು ಸಮಿತಿ ತಡೆಹಿಡಿಯಿತು. ಇಲ್ಲಿನ ಪಂಜರಗಳ ಬಗ್ಗೆ ಮಾತ್ರ ‘ಇನ್ನಷ್ಟು ಅಧ್ಯಯನ’ ಎಂದಿತು. ಅರ್ಧ ಗೆಲುವು. ದೇಚಮ್ಮ ಪೀಠವನ್ನು ಬಿಟ್ಟರೆಂದೂ, ಕೋಣೆ ಬೇರೆಯವರ ಕೈಗೆ ಹೋಯಿತೆಂದೂ ಆಮೇಲೆ ಸುದ್ದಿ ಬಂತು. ಪೀಠದ ವಾರ್ಷಿಕೋತ್ಸವಕ್ಕೆ ಬರಬೇಕೆಂದು ನೀಲಾಂಬಿಕೆಗೆ ಕರೆಯೂ ಬಂತು. ಅವಳು ಹೋಗಲಿಲ್ಲ.

ಸಭೆ ಮುಗಿಸಿ ಬಂದ ಸಂಜೆ ಅವಳು ಜಗಲಿಯ ಮೇಲೆ ಕೂತು ಸಮಿತಿಯವರ ಒಂದೊಂದು ಮಾತನ್ನೂ ಹಿಂಜುತ್ತಿದ್ದಳು. ಯಾರು ಯಾಕೆ ಕೆಮ್ಮಿದರು, ಅಧ್ಯಕ್ಷರು ಕಂಪನಿಯವನ ಹೆಸರು ಹಿಡಿದು ಯಾಕೆ ಕರೆದರು. ಮುಖ ಇಳಿದಿತ್ತು, ಕಣ್ಣ ಕೆಳಗೆ ಕಪ್ಪು. ಆ ಸುಖದ ಮುಖವನ್ನು ಕಳೆದದ್ದು ತಾನೇ ಎಂಬುದು ಪಂಪಾಪತಿಯನ್ನು ಚುಚ್ಚುತ್ತಿತ್ತು. ಸಮಾಧಾನ ಹೇಳಲು ಬಾಯಿ ತೆಗೆದ.

“ನೀಲಾ, ಇವತ್ತು ನೀನು...”

“ಹೊಗಳಬ್ಯಾಡ್ರಿ” ಎಂದಳು ತಟ್ಟನೆ. ಅವನ ಕಡೆ ನೋಡಲಿಲ್ಲ. “ನಿಮ್ಮ ದನಿಯೊಳಗ ಹೊಗಳಿಕಿ ಕೇಳಿದ್ರ ಅದು ನೀವೋ, ಆ ಕೋಣೀನೋ ಅಂತ ನನಗ ತಿಳಿಯೂದಿಲ್ಲ. ಇನ್ನ ಮುಂದೂ ತಿಳಿಯೂದಿಲ್ಲ. ಅದನ್ನ ಅವರು ತಗೊಂಡು ಹೋದ್ರು.”

ಅವನು ಆ ಮಾತನ್ನು ಅಲ್ಲಿಗೇ ಬಿಟ್ಟ. ಬೀದಿಯಲ್ಲಿ ಯಾರೋ ಸೈಕಲ್ ಬೆಲ್ ಬಾರಿಸುತ್ತ ಹೋದರು. ಅವನು ಅವಳ ಕಡೆ ತಿರುಗಿ ಕೇಳಿದ:

“ಹಿನ್ನೀರಿನ ಮಡುವಿನ್ಯಾಗ ನೀರು ನಿಂತಿರ್ತದ. ಪಂಜರದ ಹತ್ರ ಹರೀತದ. ಅದರಿಂದ ಏನೂ ಫರಕ್ ಆಗೂದಿಲ್ಲಂತ ಹೆಂಗ ಹೇಳ್ತಿ?”

ನೀಲಾಂಬಿಕೆ ತಿರುಗಿ ಅವನನ್ನು ದಿಟ್ಟಿಸಿದಳು. ಆಮೇಲೆ ತಾನು ಕೂತಿದ್ದ ಮಣೆಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡು, “ಕೇಳ್ರಿ ಹಂಗಾರ” ಎಂದು ಶುರುಮಾಡಿದಳು.